ಪೌತಿ ಖಾತೆಯಾಗದ ಸದಸ್ಯತ್ವ: ಐರೋಪ್ಯ ಸಮುದಾಯದೊಳಗಿದ್ದ ಅಲ್ಜೀರಿಯಾ

1957ರ ಮಾರ್ಚ್ 23, ಶನಿವಾರ. ಅಲ್ಜಿಯರ್ಸ್ ನಗರದ ಎಲ್ ಬಿಯಾರ್ ಬಡಾವಣೆಯಲ್ಲಿ ಫ್ರೆಂಚ್ ಸೇನೆ ವಶಕ್ಕೆ ತೆಗೆದುಕೊಂಡಿದ್ದ ಕಟ್ಟಡವೊಂದರ ಮೇಲಂತಸ್ತಿನಿಂದ ಅಲಿ ಬೂಮೆಂಜೆಲ್ ಎಂಬ ವಕೀಲರ ದೇಹ ಕೆಳಗೆ ಬಿತ್ತು. ವಾರಗಟ್ಟಲೆ ಸೇನೆಯ ಬಂಧನದಲ್ಲಿದ್ದ ಅವರು ಆತ್ಮಹತ್ಯೆ ಮಾಡಿಕೊಂಡರು ಎಂದು ಸರ್ಕಾರ ಹೇಳಿತು. ಅದು ಚಿತ್ರಹಿಂಸೆ, ಆಮೇಲೆ ಕೊಲೆ ಎಂದು ಫ್ರಾನ್ಸ್‌ನ ಅಧ್ಯಕ್ಷರು ಅಧಿಕೃತವಾಗಿ ಒಪ್ಪಿಕೊಂಡದ್ದು 2021ರಲ್ಲಿ, ಅರವತ್ತನಾಲ್ಕು ವರ್ಷಗಳ ನಂತರ.

ಆ ಶನಿವಾರ ಕಳೆದು ಬಂದ ಸೋಮವಾರ, ಮಾರ್ಚ್ 25ರಂದು, ರೋಮ್‌ನ ಕ್ಯಾಪಿಟೊಲಿನ್ ಗುಡ್ಡದ ಮೇಲಿನ ಹಳೆಯ ಅರಮನೆಯಲ್ಲಿ ಆರು ದೇಶಗಳ ಪ್ರತಿನಿಧಿಗಳು ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತು ಸಹಿ ಹಾಕಿದರು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ಇಂದಿನ ಐರೋಪ್ಯ ಒಕ್ಕೂಟದ ಹುಟ್ಟು ಅಲ್ಲಿ. ಮುದ್ರಣ ಮುಗಿಯದೇ ಇದ್ದುದರಿಂದ ಆ ದಿನ ಸಹಿ ಬಿದ್ದ ಪುಸ್ತಕದ ನಡುವಿನ ಹಾಳೆಗಳು ಬಹುಪಾಲು ಖಾಲಿ ಇದ್ದವು ಎಂಬ ಕಥೆಯೂ ಇದೆ. ಖಾಲಿ ಇರಲಿ, ತುಂಬಿರಲಿ, ಒಪ್ಪಂದದ 227ನೆಯ ವಿಧಿಯಲ್ಲಿ ಏನಿರಬೇಕೆಂದು ಅಷ್ಟು ಹೊತ್ತಿಗೆ ತೀರ್ಮಾನವಾಗಿತ್ತು. ಆ ವಿಧಿಯ ಎರಡನೆಯ ಉಪವಿಧಿಯಲ್ಲಿ ಒಂದು ಹೆಸರು ಸ್ಪಷ್ಟವಾಗಿ ನಮೂದಾಗಿದೆ: ಅಲ್ಜೀರಿಯಾ.

ಯುರೋಪಿನ ಏಕೀಕರಣದ ಕಥೆಯನ್ನು ನಮಗೆ ಹೇಳುವ ಕ್ರಮ ಗೊತ್ತೇ ಇದೆ. ಎರಡು ಮಹಾಯುದ್ಧಗಳಲ್ಲಿ ಬೆಂದ ದೇಶಗಳು ಹಗೆ ಮರೆತು ಕಲ್ಲಿದ್ದಲು, ಉಕ್ಕು, ಆಮೇಲೆ ಮಾರುಕಟ್ಟೆ ಎಲ್ಲವನ್ನೂ ಹಂಚಿಕೊಂಡವು. ಇದು ಸುಳ್ಳಲ್ಲ. ಆದರೆ ಆ ಮನೆಯ ಮೊದಲ ಖಾತೆಯಲ್ಲೇ ಮೆಡಿಟರೇನಿಯನ್ ಸಮುದ್ರದ ಆಚೆಯ, ಆ ಗಳಿಗೆಯಲ್ಲಿ ಯುದ್ಧದಲ್ಲಿ ಉರಿಯುತ್ತಿದ್ದ ಆಫ್ರಿಕಾದ ನೆಲವೊಂದು ಸೇರಿತ್ತು ಎಂಬುದನ್ನು ಆ ಕಥೆ ಬಿಟ್ಟುಬಿಡುತ್ತದೆ. ಅದು ಹೇಗೆ ಸೇರಿತು, ಹೇಗೆ ಹೊರಬಿತ್ತು, ನಿಜವಾಗಿ ಹೊರಬಿತ್ತೇ ಎಂಬುದು ಈ ಪ್ರಕರಣ.

ಫ್ರಾನ್ಸ್ ಅಲ್ಲದ ಫ್ರಾನ್ಸ್

ಫ್ರೆಂಚರು ಅಲ್ಜಿಯರ್ಸ್ ಹಿಡಿದದ್ದು 1830ರ ಜುಲೈ 5ರಂದು. 1848ರ ಸಂವಿಧಾನ ಅಲ್ಜೀರಿಯಾವನ್ನು ಫ್ರಾನ್ಸ್‌ನ ನೆಲವೆಂದೇ ಸಾರಿತು. ಅಲ್ಜಿಯರ್ಸ್, ಓರಾನ್, ಕಾನ್‌ಸ್ಟಂಟೀನ್ ಎಂಬ ಮೂರು ಜಿಲ್ಲೆಗಳಾದವು. ಅಂದರೆ ಸೆನೆಗಲ್ ಅಥವಾ ಮಡಗಾಸ್ಕರ್ ಹಾಗೆ ಇದು ವಸಾಹತು ಅಲ್ಲ, ಮಾರ್ಸೇಲ್ ಇರುವ ಜಿಲ್ಲೆಯಂತೆ ಇದೂ ಒಂದು ಜಿಲ್ಲೆ. ಕಾಗದದ ಮೇಲೆ.

ನೆಲದ ಮೇಲೆ ಬೇರೆ. 1947ರ ಕಾನೂನು ಅಲ್ಜೀರಿಯಾಕ್ಕೆ 120 ಸ್ಥಾನಗಳ ಒಂದು ಸಭೆಯನ್ನು ಕೊಟ್ಟಿತು. ಅದರಲ್ಲಿ 60 ಸ್ಥಾನ ಹತ್ತಿರ ಹತ್ತಿರ ಹತ್ತು ಲಕ್ಷದಷ್ಟಿದ್ದ ಯುರೋಪ್ ಮೂಲದವರ ಮತದಾರ ವರ್ಗಕ್ಕೆ, ಉಳಿದ 60 ಅವರ ಎಂಟು ಒಂಬತ್ತು ಪಟ್ಟು ಇದ್ದ ಮುಸ್ಲಿಮರಿಗೆ. ಆ ಎರಡನೆಯ ವರ್ಗದ ಚುನಾವಣೆಗಳಲ್ಲೂ ಆಡಳಿತವೇ ಕೈಯಾಡಿಸಿ ತನಗೆ ಬೇಕಾದವರನ್ನು ಗೆಲ್ಲಿಸಿಕೊಂಡಿತು. ಇಂಥ ಸಮಾನತೆಗೆ ಜನ ಎಷ್ಟು ದಿನ ತಲೆಯಾಡಿಸುತ್ತಾರೆ? 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗ ಸಶಸ್ತ್ರ ಹೋರಾಟ ಆರಂಭಿಸಿತು. ಅಲ್ಜೀರಿಯಾ ಎಂದರೆ ಫ್ರಾನ್ಸ್ ಎಂದು ಆಗಿನ ಒಳಾಡಳಿತ ಸಚಿವ ಫ್ರಾಂಸ್ವಾ ಮಿತೆರಾಂ ಸಂಸತ್ತಿನಲ್ಲಿ ಘೋಷಿಸಿದರು. ನಂತರ ಎಡಪಂಥದ ನಾಯಕರಾಗಿ ಅಧ್ಯಕ್ಷ ಪದವಿಗೇರಿದವರೂ ಅವರೇ.

ಅದೇ ನವೆಂಬರ್ 1, 1954ರಂದು, ಸಾವಿರಾರು ಮೈಲಿ ಆಚೆ, ಪುದುಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ವಹಿಸಿಕೊಟ್ಟಿತು. ಒಂದು ಕಡೆ ಕೈಬಿಟ್ಟ ದಿನವೇ ಇನ್ನೊಂದು ಕಡೆ ಬೆಂಕಿ ಹತ್ತಿತು. ಈ ಕಾಕತಾಳೀಯವನ್ನು ಸದ್ಯಕ್ಕೆ ಇಲ್ಲೇ ಇಟ್ಟಿರೋಣ, ಮುಂದೆ ಬೇಕಾಗುತ್ತದೆ.

ಸಂಧಾನದ ಕೋಣೆ

ಐರೋಪ್ಯ ಯೋಜನೆಯೊಳಗೆ ಆಫ್ರಿಕಾ ಮೊದಲಿನಿಂದಲೂ ಸುಳಿದಾಡುತ್ತಿತ್ತು. ಕಲ್ಲಿದ್ದಲು, ಉಕ್ಕನ್ನು ಹಂಚಿಕೊಳ್ಳೋಣ ಎಂದು ಫ್ರಾನ್ಸ್‌ನ ವಿದೇಶಾಂಗ ಸಚಿವ ಶೂಮನ್ 1950ರ ಮೇ 9ರಂದು ಮಾಡಿದ ಘೋಷಣೆಯಲ್ಲೇ, ಸಂಪನ್ಮೂಲ ಹೆಚ್ಚಿದರೆ ಯುರೋಪ್ ತನ್ನ ಅವಶ್ಯ ಕರ್ತವ್ಯಗಳಲ್ಲಿ ಒಂದಾದ ಆಫ್ರಿಕಾ ಖಂಡದ ಅಭಿವೃದ್ಧಿಯನ್ನು ಕೈಗೊಳ್ಳಬಹುದು ಎಂಬ ಸಾಲಿದೆ. ವಾರ್ಷಿಕೋತ್ಸವದ ಭಾಷಣಗಳಲ್ಲಿ ಈ ಸಾಲನ್ನು ಯಾರೂ ಓದುವುದಿಲ್ಲ. ಹಾಗಿದ್ದರೂ 1951ರ ಕಲ್ಲಿದ್ದಲು ಮತ್ತು ಉಕ್ಕು ಒಪ್ಪಂದ ಸದಸ್ಯ ದೇಶಗಳ ಐರೋಪ್ಯ ನೆಲಕ್ಕಷ್ಟೇ ಅನ್ವಯಿಸಿತ್ತು. ಅಲ್ಜೀರಿಯಾ ಆಗ ಹೊರಗೇ ಇತ್ತು, ಅದಕ್ಕಾಗಿ ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ.

ಆರು ವರ್ಷದಲ್ಲಿ ಏನು ಬದಲಾಯಿತು? ಯುದ್ಧ. 1956ರ ಹೊತ್ತಿಗೆ ಅಲ್ಜೀರಿಯಾದ ಪ್ರಶ್ನೆ ವಿಶ್ವಸಂಸ್ಥೆಯ ಬಾಗಿಲು ತಟ್ಟಿತ್ತು. ಇದು ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ತಲೆಹಾಕಬೇಡಿ ಎನ್ನುವುದು ಫ್ರಾನ್ಸ್‌ನ ಪಟ್ಟು. ಹಾಗೆ ಹೇಳುತ್ತಲೇ ರೋಮ್ ಒಪ್ಪಂದದಲ್ಲಿ ಅಲ್ಜೀರಿಯಾವನ್ನು ಹೊರಗಿಟ್ಟರೆ? ಅದು ಫ್ರಾನ್ಸ್ ಅಲ್ಲ ಎಂದು ತಾನೇ ಬರೆದುಕೊಟ್ಟ ಹಾಗಾಗುತ್ತದೆ. ಪೂರ್ತಿ ಒಳಗಿಟ್ಟರೆ? ಉಳಿದ ಐವರು ಒಪ್ಪುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಐವರಿಗೂ ಅವರವರ ಲೆಕ್ಕವಿತ್ತು. ವಸಾಹತುಗಳನ್ನು ಮೊದಲನೆಯ ಮಹಾಯುದ್ಧದಲ್ಲೇ ಕಳೆದುಕೊಂಡಿದ್ದ ಜರ್ಮನಿಗೆ, ಬೇರೆಯವರ ವಸಾಹತು ಸಂಕಟಕ್ಕೆ ತಾನೇಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆ. ಇಂಡೊನೇಷ್ಯಾವನ್ನು ಆಗಷ್ಟೇ ಕಳೆದುಕೊಂಡಿದ್ದ ಡಚ್ಚರಿಗೆ ಇನ್ನೊಬ್ಬರ ಜಗಳದಲ್ಲಿ ಸಿಕ್ಕಿಕೊಳ್ಳುವ ಭಯ. ಇಟಲಿಯದು ನೇರ ಹೊಟ್ಟೆಪಾಡಿನ ಚಿಂತೆ. ಅದರ ದಕ್ಷಿಣ ಭಾಗ ಬೆಳೆಯುವುದೂ ದ್ರಾಕ್ಷಿ, ಕಿತ್ತಳೆ. ಅಲ್ಜೀರಿಯಾ ಬೆಳೆಯುವುದೂ ಅದೇ. ಇಟಲಿ ಉತ್ತರಕ್ಕೆ ಕಳಿಸಬೇಕೆಂದಿದ್ದುದು ಕೆಲಸವಿಲ್ಲದ ಬಡ ಕೂಲಿಗಳನ್ನು. ಅಲ್ಜೀರಿಯಾದಿಂದ ಬರಬಹುದಾದವರೂ ಅವರೇ.

1956ರ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆಯ ಸಾಹಸದಲ್ಲಿ ಬ್ರಿಟನ್ನಿನೊಂದಿಗೆ ಫ್ರಾನ್ಸ್‌ಗೂ ಮುಖಭಂಗವಾಯಿತು. ಕದನ ನಿಲ್ಲಿಸಲು ಒಪ್ಪಬೇಕಾಗಿ ಬಂದ ದಿನ ಜರ್ಮನಿಯ ಚಾನ್ಸಲರ್ ಅಡೆನಾವರ್ ಪ್ಯಾರಿಸ್‌ನಲ್ಲಿ ಪ್ರಧಾನಿ ಗಿ ಮೊಲೆ ಅವರ ಜೊತೆಗಿದ್ದರು. ಅಮೆರಿಕವನ್ನೂ ಬ್ರಿಟನ್ನನ್ನೂ ನಂಬಿ ಕೂರುವಂತಿಲ್ಲ ಎಂಬುದು ಫ್ರಾನ್ಸ್‌ಗೆ ಮನದಟ್ಟಾಯಿತು. ಅಲ್ಜೀರಿಯಾದ ಸಹಾರಾದಲ್ಲಿ ಆ ವರ್ಷವೇ ಹಾಸಿ ಮೆಸೌದ್‌ನಲ್ಲಿ ತೈಲ ಸಿಕ್ಕಿದ್ದು ಎಲ್ಲರ ಕಿವಿಗೂ ಬಿದ್ದಿತ್ತು. 1957ರ ಫೆಬ್ರವರಿಯಲ್ಲಿ ಆರು ಸರ್ಕಾರಗಳ ಮುಖ್ಯಸ್ಥರು ಪ್ಯಾರಿಸ್‌ನಲ್ಲಿ ಕೂತು ಸಮುದ್ರದಾಚೆಯ ಪ್ರದೇಶಗಳ ವಿಷಯ ಇತ್ಯರ್ಥ ಮಾಡಿದರು. ಅದೇ ವಾರಗಳಲ್ಲಿ ಜನರಲ್ ಮಾಸ್ಯೂ ಅವರ ಪ್ಯಾರಾಟ್ರೂಪರ್‌ಗಳು ಅಲ್ಜಿಯರ್ಸ್‌ನ ಹಳೆಯ ಪೇಟೆಯಾದ ಕಸ್ಬಾದ ಓಣಿಗಳಲ್ಲಿ ಮನೆ ಮನೆ ಜಾಲಾಡುತ್ತಿದ್ದರು. ಬೂಮೆಂಜೆಲ್ ಆಗಲೇ ಬಂಧನದಲ್ಲಿದ್ದರು.

ವಸಾಹತುಗಳಿಗೆ ಅಭಿವೃದ್ಧಿ ನಿಧಿಯೊಂದು ಹುಟ್ಟಿತು: ಐದು ವರ್ಷಕ್ಕೆ 58.125 ಕೋಟಿ ಲೆಕ್ಕದ ಘಟಕಗಳು. ಆ ಘಟಕದ ಬೆಲೆ ಹೆಚ್ಚುಕಡಿಮೆ ಒಂದು ಡಾಲರ್. ಫ್ರಾನ್ಸ್ 20 ಕೋಟಿ, ಜರ್ಮನಿಯೂ 20 ಕೋಟಿ ಹಾಕಬೇಕು. ಹಂಚಿಕೆಯಲ್ಲಿ 51.125 ಕೋಟಿ ಫ್ರಾನ್ಸ್‌ನ ಪ್ರದೇಶಗಳಿಗೆ. ಬೇರೆಯವರ ಜೇಬಿನಿಂದ ಸಾಮ್ರಾಜ್ಯದ ಖರ್ಚು ತೂಗಿಸಿದ ಈ ಜಾಣ್ಮೆಯನ್ನು ಮೆಚ್ಚದಿರುವುದು ಕಷ್ಟ.

ಒಂದು ಉಪವಿಧಿಯ ಒಳಗೆ

ಸೆನೆಗಲ್, ಬೆಲ್ಜಿಯನ್ ಕಾಂಗೊ, ಇಟಲಿಯ ಉಸ್ತುವಾರಿಯಲ್ಲಿದ್ದ ಸೊಮಾಲಿಯಾ ಮೊದಲಾದವು 'ಸಹಯೋಗಿ' ಪ್ರದೇಶಗಳಾಗಿ ಒಪ್ಪಂದದ ನಾಲ್ಕನೆಯ ಭಾಗಕ್ಕೆ ಹೋದವು. ಅವು ಹೊರಜಗಲಿಯಲ್ಲಿ ಕೂತ ನೆಂಟರು. ಅಲ್ಜೀರಿಯಾಕ್ಕೆ ಹಾಗಲ್ಲ, ಹೊಸ್ತಿಲೊಳಗೆ ಜಾಗ ಸಿಕ್ಕಿತು. 227ನೆಯ ವಿಧಿಯ ಎರಡನೆಯ ಉಪವಿಧಿ 'ಅಲ್ಜೀರಿಯಾ ಮತ್ತು ಫ್ರಾನ್ಸ್‌ನ ಸಾಗರೋತ್ತರ ಜಿಲ್ಲೆಗಳ' ಬಗ್ಗೆ. ಆ ಜಿಲ್ಲೆಗಳು ಆಗ ನಾಲ್ಕು: ಮಾರ್ಟಿನಿಕ್, ಗ್ವಾಡೆಲೂಪ್, ಫ್ರೆಂಚ್ ಗಯಾನಾ, ರೆಯೂನಿಯನ್.

ಒಪ್ಪಂದ ಜಾರಿಯಾದ ದಿನವೇ ಅಲ್ಲಿಗೆ ಅನ್ವಯವಾಗುವ ಅಂಶಗಳ ಪಟ್ಟಿ ಹೀಗಿದೆ: ಸರಕುಗಳ ಮುಕ್ತ ಸಾಗಾಟ, ಕೃಷಿ, ಸೇವೆಗಳ ಉದಾರೀಕರಣ, ಪೈಪೋಟಿಯ ನಿಯಮಗಳು, ಕಷ್ಟಕಾಲದ ರಕ್ಷಣಾ ಕ್ರಮಗಳು, ಸಂಸ್ಥೆಗಳು. ಉಳಿದವನ್ನು ಎರಡು ವರ್ಷದೊಳಗೆ ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಬೇಕು.

ಈ ಪಟ್ಟಿಯನ್ನು ಕ್ರಯಪತ್ರ ಓದುವ ಹಾಗೆ, ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹುಡುಕುತ್ತ ಓದಬೇಕು. ಕಾರ್ಮಿಕರ ಮುಕ್ತ ಓಡಾಟ ಇಲ್ಲ. ವೈನಿನ ಬ್ಯಾರೆಲ್ ಬರಬಹುದು, ಬ್ಯಾರೆಲ್ ಹೊತ್ತವನು ಬರುವಂತಿಲ್ಲ. ಕೃಷಿ ಇದೆ, ಆದರೆ ಒಂದು ಕೊಕ್ಕೆಯೊಂದಿಗೆ: ಕೃಷಿಗೆ ಸಮುದಾಯ ಹಣ ಕೊಡುವ ನಿಧಿಗಳ ಕುರಿತ 40ನೆಯ ವಿಧಿಯ ನಾಲ್ಕನೆಯ ಉಪವಿಧಿಯನ್ನು ಬಿಟ್ಟು. ಬೆಳೆ ತರಬಹುದು, ಬೆಂಬಲದ ದುಡ್ಡು ಕೇಳಬಾರದು. ಸಂಸ್ಥೆಗಳ ವಿಷಯ ಅನ್ವಯವಾಗುತ್ತದೆ ಎಂದಿದೆ. ಆದರೆ ಆ ಸಂಸ್ಥೆಗಳಲ್ಲಿ ಅಲ್ಜೀರಿಯಾಕ್ಕೆ ತನ್ನದೇ ಕುರ್ಚಿ ಇಲ್ಲ, ಅದರ ಪರವಾಗಿ ಮಾತಾಡುವುದು ಪ್ಯಾರಿಸ್. 1958ರ ಜನವರಿ 1ರಂದು ಒಪ್ಪಂದ ಜಾರಿಗೆ ಬಂತು. ಅಲ್ಜೀರಿಯಾದ ಸುಮಾರು ತೊಂಬತ್ತು ಲಕ್ಷ ಮುಸ್ಲಿಮರು ಆ ಬೆಳಗ್ಗೆ ಐರೋಪ್ಯ ಆರ್ಥಿಕ ಸಮುದಾಯದೊಳಗೆ ಎದ್ದರು. ಅವರನ್ನು ಕೇಳಿದವರು ಯಾರೂ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ವರ್ಷ ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆಯ ಬಗ್ಗೆ ಸಮುದಾಯ ಮಾಡಿದ ಮೂರನೆಯ ಸಂಖ್ಯೆಯ ನಿಯಮಾವಳಿಯಲ್ಲಿ ಅಲ್ಜೀರಿಯಾದ ಹೆಸರು ಸೇರಿತ್ತು. ಓಡಾಟದ ಹಕ್ಕು ಕೊಡದೆಯೂ, ಹೇಗೋ ಓಡಾಡಿ ದುಡಿದವನ ಪಿಂಚಣಿಯ ತಿಂಗಳುಗಳನ್ನು ಎಣಿಸಲು ಅವಕಾಶ ಕೊಟ್ಟ ವಿಚಿತ್ರವಿದು.

ವೈನ್

ಈ ಪ್ರಕರಣದ ರಸ ಇರುವುದು ದ್ರಾಕ್ಷಿಯಲ್ಲಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರಾ ಎಂಬ ಹೇನಿನಂಥ ಕೀಟ ಬೇರು ಕೊರೆದು ಫ್ರಾನ್ಸ್‌ನ ದ್ರಾಕ್ಷಿ ತೋಟಗಳನ್ನು ನಾಶ ಮಾಡಿತು. ಬೇಡಿಕೆ ಇದೆ, ಬಳ್ಳಿ ಇಲ್ಲ. ವಲಸಿಗರು ಅಲ್ಜೀರಿಯಾದ ಕರಾವಳಿ ಬಯಲುಗಳಲ್ಲಿ ದ್ರಾಕ್ಷಿ ನೆಟ್ಟರು. ಓರಾನ್ ಸುತ್ತ, ಮಿತಿಜಾ ಬಯಲಿನಲ್ಲಿ, ಗೋಧಿ ಬೆಳೆಯುತ್ತಿದ್ದ ನೆಲಕ್ಕೂ ಬಳ್ಳಿ ಬಂತು. 1950ರ ದಶಕದಲ್ಲಿ ತೋಟಗಳ ವಿಸ್ತೀರ್ಣ ಮೂರೂವರೆ ಲಕ್ಷ ಹೆಕ್ಟೇರಿನ ಆಸುಪಾಸು, ಉತ್ಪಾದನೆ ವರ್ಷಕ್ಕೆ ಸುಮಾರು 150 ಕೋಟಿ ಲೀಟರ್. ಬಹುಪಾಲು ಜನ ಮದ್ಯ ಮುಟ್ಟದ ಮುಸ್ಲಿಮರಿರುವ ನಾಡು ಜಗತ್ತಿನಲ್ಲೇ ಅತಿ ಹೆಚ್ಚು ವೈನ್ ರಫ್ತು ಮಾಡುವ ನೆಲವಾಗಿತ್ತು. ವಸಾಹತು ಅರ್ಥವ್ಯವಸ್ಥೆ ಎಂದರೇನು ಎಂದು ಯಾರಾದರೂ ಕೇಳಿದರೆ ಇದೊಂದನ್ನು ಹೇಳಿದರೆ ಸಾಕು. ಕುಡಿಯುವವನು ಸಮುದ್ರದಾಚೆ, ಬೆವರು ಸುರಿಸುವವನು ಈಚೆ, ತೋಟದ ಒಡೆಯ ಮಾತ್ರ ಎರಡೂ ಕಡೆ.

ಆ ವೈನ್ ತನ್ನ ಹೆಸರಿನಲ್ಲಿ ಮಾರಾಟವಾದದ್ದು ಕಡಿಮೆ. ದಕ್ಷಿಣ ಫ್ರಾನ್ಸ್‌ನ ಲಾಂಗ್‌ಡಾಕ್ ಸೀಮೆಯ ವೈನ್ ತೆಳು, ಬಣ್ಣ ಕಡಿಮೆ, ಮದ್ಯಾಂಶವೂ ಕಡಿಮೆ. ಬಿಸಿಲಲ್ಲಿ ಮಾಗಿದ ಅಲ್ಜೀರಿಯಾದ ವೈನ್ ದಟ್ಟ ಕೆಂಪು, ಗಟ್ಟಿ. ನೀರು ಮಜ್ಜಿಗೆಗೆ ಕೆನೆಮೊಸರು ಬೆರೆಸಿದ ಹಾಗೆ ಇವೆರಡನ್ನು ಬೆರೆಸಿದರೆ ಫ್ರೆಂಚ್ ಕಾರ್ಮಿಕನ ದಿನದ ಊಟಕ್ಕೆ ಹೊಂದುವ ಪಾನೀಯ. ಇದನ್ನು ಸಾಗಿಸಲೆಂದೇ, ಹೊಟ್ಟೆಯೊಳಗೆ ತೊಟ್ಟಿಗಳಿದ್ದ ಹಡಗುಗಳಿದ್ದವು; ಓರಾನ್‌ನಲ್ಲಿ ತುಂಬಿಸಿ ಸೆತ್ ಬಂದರಿನಲ್ಲಿ ಬಸಿದುಕೊಳ್ಳುತ್ತಿದ್ದರು. ಅಲ್ಜೀರಿಯಾದ ರಫ್ತಿನ ಆದಾಯದಲ್ಲಿ ಸುಮಾರು ಅರ್ಧ ಈ ಒಂದು ಸರಕಿನದೇ ಆಗಿತ್ತು.

ಹೀಗಾಗಿ 227ನೆಯ ವಿಧಿಯಲ್ಲಿ 'ಕೃಷಿ' ಎಂಬ ಪದ ಬಂದದ್ದು ಬರೀ ತತ್ವಕ್ಕಲ್ಲ. ಆ ತೊಟ್ಟಿಗಳ ಹಿಂದೆ ಬ್ಯಾಂಕುಗಳಿದ್ದವು, ಹಡಗು ಕಂಪನಿಗಳಿದ್ದವು, ಪ್ಯಾರಿಸ್ ಸಂಸತ್ತಿನಲ್ಲಿ ದನಿಯಿದ್ದ ತೋಟದ ಮಾಲೀಕರಿದ್ದರು. ಇಟಲಿ ಮುಖ ಗಂಟಿಕ್ಕಿಕೊಂಡದ್ದೂ ಇದಕ್ಕೇ.

ಬಾಗಿಲು ಹಾಕದೆ ಹೊರಟದ್ದು

1962ರ ಮಾರ್ಚ್ 18ರಂದು ಫ್ರಾನ್ಸ್ ಮತ್ತು ವಿಮೋಚನಾ ರಂಗದ ನಡುವೆ ಎವಿಯಾಂ ಒಪ್ಪಂದ, ಮರುದಿನ ಕದನವಿರಾಮ. ಜುಲೈ 1ರ ಜನಮತಗಣನೆಯಲ್ಲಿ ಶೇ 99ಕ್ಕೂ ಹೆಚ್ಚು ಮತ ಸ್ವಾತಂತ್ರ್ಯದ ಪರ. ಜುಲೈ 3ರಂದು ಫ್ರಾನ್ಸ್ ಮಾನ್ಯತೆ ಕೊಟ್ಟಿತು. ಅಲ್ಜೀರಿಯಾ ಸ್ವಾತಂತ್ರ್ಯ ದಿನವೆಂದು ಆರಿಸಿಕೊಂಡದ್ದು ಜುಲೈ 5ನ್ನು, 132 ವರ್ಷಗಳ ಹಿಂದೆ ಅಲ್ಜಿಯರ್ಸ್ ಬಿದ್ದ ತಾರೀಖನ್ನು. ಯುರೋಪ್ ಮೂಲದವರು ಲಕ್ಷಗಟ್ಟಲೆ ಹಡಗು ಹತ್ತಿದರು. ತೋಟಗಳು ನಿಂತಲ್ಲೇ ನಿಂತವು, ಹಣ್ಣು ಕೊಯ್ಲಿಗೆ ಬರುತ್ತಿತ್ತು.

ಐರೋಪ್ಯ ಸಮುದಾಯದಲ್ಲಿ ಅಲ್ಜೀರಿಯಾದ ಸ್ಥಾನ ಏನಾಯಿತು? ಬ್ರಿಟನ್ ಒಕ್ಕೂಟ ಬಿಡುವಾಗ ಜನಮತದಿಂದ ಹಿಡಿದು ಹೊರಬೀಳುವ ದಿನದವರೆಗೆ ಮೂರೂವರೆ ವರ್ಷ ಹಗ್ಗಜಗ್ಗಾಟ ನಡೆದದ್ದನ್ನು ನಾವು ಕಂಡಿದ್ದೇವೆ. ಗ್ರೀನ್‌ಲೆಂಡ್ ಕೂಡ ಕ್ರಮಬದ್ಧವಾಗಿಯೇ ಹೋಯಿತು: ಡೆನ್ಮಾರ್ಕಿನ ಜೊತೆ 1973ರಲ್ಲಿ ಮನಸ್ಸಿಲ್ಲದೆ ಒಳಗೆ ಬಂದು, ತನ್ನ ಮೀನಿನ ಮೇಲೆ ಹಿಡಿತ ಬೇಕೆಂದು 1982ರಲ್ಲಿ ಮತ ಹಾಕಿ, ಒಪ್ಪಂದ ತಿದ್ದಿಸಿ, 1985ರ ಫೆಬ್ರವರಿ 1ರಂದು ಹೊರನಡೆಯಿತು. ಅಲ್ಜೀರಿಯಾದ ವಿಷಯದಲ್ಲಿ ಇದಾವುದೂ ಆಗಲಿಲ್ಲ. ಹೊರಹೋಗುವ ಒಪ್ಪಂದವಿಲ್ಲ, ತಿದ್ದುಪಡಿಯಿಲ್ಲ, ತಾರೀಖಿಲ್ಲ.

ನೇಟೊದ ನಡೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 1949ರ ನೇಟೊ ಒಪ್ಪಂದದ ಆರನೆಯ ವಿಧಿಯಲ್ಲೂ 'ಫ್ರಾನ್ಸ್‌ನ ಅಲ್ಜೀರಿಯಾ ಜಿಲ್ಲೆಗಳು' ಎಂದಿತ್ತು. 1963ರ ಜನವರಿಯಲ್ಲೇ ಅದರ ಮಂಡಳಿ ಕೂತು, 1962ರ ಜುಲೈ 3ರಿಂದ ಆ ಮಾತುಗಳು ಅನ್ವಯವಾಗುವುದಿಲ್ಲ ಎಂದು ದಾಖಲಿಸಿತು. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ನೇಟೊ ಪೌತಿ ಖಾತೆ ಮಾಡಿಸಿಕೊಂಡಿತು. ಐರೋಪ್ಯ ಸಮುದಾಯ ಪಹಣಿಯಲ್ಲಿ ಹಳೆಯ ಹೆಸರನ್ನೇ ಬಿಟ್ಟು ಸುಮ್ಮನಾಯಿತು.

ಸುಮ್ಮನಾದದ್ದು ಸೋಮಾರಿತನದಿಂದಲ್ಲ. ಮದ್ದುಗುಂಡಿನ ಒಪ್ಪಂದದಲ್ಲಿ ಗೊಂದಲ ಉಳಿದರೆ ಎಲ್ಲರಿಗೂ ಅಪಾಯ; ಸುಂಕದ ಒಪ್ಪಂದದಲ್ಲಿ ಗೊಂದಲ ಹಲವರಿಗೆ ಅನುಕೂಲ. 1962ರ ಡಿಸೆಂಬರ್‌ನಲ್ಲಿ ಪ್ರಧಾನಿ ಅಹ್ಮದ್ ಬೆನ್ ಬೆಲ್ಲಾ ಅವರೇ ಸಮುದಾಯಕ್ಕೆ ಪತ್ರ ಬರೆದು, ಮುಂದಿನ ಮಾತುಕತೆ ಆಗುವವರೆಗೆ ಸದ್ಯದ ವ್ಯವಸ್ಥೆ ಮುಂದುವರಿಯಲಿ ಎಂದು ಕೋರಿದರು. ಫ್ರಾನ್ಸ್‌ನ ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದು ಬಂದ, ಸಮಾಜವಾದದ ಮಾತಾಡುತ್ತಿದ್ದ, ಮೂರನೆಯ ಜಗತ್ತಿನ ಕಣ್ಮಣಿಯಾಗಿದ್ದ ನಾಯಕ ಯುರೋಪಿನ ಮಾರುಕಟ್ಟೆಯೊಳಗೆ ಇರಗೊಡಿ ಎಂದು ಕೇಳಿದ್ದನ್ನು ಕೆಲವರು ವಿರೋಧಾಭಾಸ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಬಂದರಿನಲ್ಲಿ ಕೋಟಿಗಟ್ಟಲೆ ಲೀಟರ್ ವೈನ್, ಕೊಳ್ಳುವವನು ಒಬ್ಬನೇ, ಖಜಾನೆ ಬರಿದು. ಮನೆ ಯಜಮಾನನಾದವನು ಅಂಥ ಹೊತ್ತಿನಲ್ಲಿ ಮೊದಲು ಅಕ್ಕಿಯ ಡಬ್ಬಿ ನೋಡುತ್ತಾನೆ. ಜೊತೆಗೆ, ಯಾರನ್ನೂ ಕೇಳದೆ ತಮ್ಮನ್ನು ಒಳಗೆ ಎಳೆದುಕೊಂಡವರು ಬೆಳೆ ಮಾರುವ ದಾರಿಯನ್ನಾದರೂ ಬಿಟ್ಟುಕೊಡಬೇಕೆಂದು ಕೇಳುವ ಹಕ್ಕು ಅಲ್ಜೀರಿಯಾಕ್ಕೆ ಇದ್ದೇ ಇತ್ತು.

ಅಲ್ಲಿಂದ ಹದಿನಾಲ್ಕು ವರ್ಷ ಅತಂತ್ರ. ಅಲ್ಜೀರಿಯಾದ ಸರಕನ್ನು ಫ್ರಾನ್ಸ್ ಬಹುಮಟ್ಟಿಗೆ ಹಿಂದಿನಂತೆ ಬಿಟ್ಟುಕೊಂಡಿತು, ಇಟಲಿ ಹೊರಗಿನ ದೇಶದ ಸರಕಿನ ಹಾಗೆ ನೋಡತೊಡಗಿತು, ಉಳಿದವರು ನಡುವೆ ಎಲ್ಲೋ ನಿಂತರು. ಒಂದೇ ಮಾರುಕಟ್ಟೆ ಎಂದು ಸಾರಿಕೊಂಡ ಕೂಟದಲ್ಲಿ ಒಂದೇ ಪೆಟ್ಟಿಗೆ ಕಿತ್ತಳೆ ಒಂದು ಸುಂಕದಕಟ್ಟೆಯಲ್ಲಿ ಮನೆಯವರದು, ಇನ್ನೊಂದರಲ್ಲಿ ಪರದೇಶಿ. 1965ರಲ್ಲಿ ಸಾಮಾಜಿಕ ಭದ್ರತೆಯ ನಿಯಮಾವಳಿಯಿಂದ ಅಲ್ಜೀರಿಯಾದ ಹೆಸರನ್ನು ತೆಗೆದರು.

ವೈನ್‌ಗೆ ಕೊನೆಯ ಪೆಟ್ಟು ಬಿದ್ದದ್ದು 1970ರಲ್ಲಿ. ಸಮುದಾಯ ವೈನ್‌ನ ಸಾಮಾನ್ಯ ಮಾರುಕಟ್ಟೆ ನಿಯಮ ತಂದಾಗ, ಹೊರಗಿನಿಂದ ತರಿಸಿದ ವೈನನ್ನು ಸಮುದಾಯದ ವೈನ್ ಜೊತೆ ಬೆರೆಸುವುದನ್ನು ನಿಷೇಧಿಸಿತು. ಬೆರೆಸಲೆಂದೇ ಬೆಳೆದ ವೈನ್‌ಗೆ ಬೆರಕೆಯೇ ಇಲ್ಲವೆಂದರೆ ಉಳಿದದ್ದೇನು? ಸೋವಿಯತ್ ಒಕ್ಕೂಟ ಅಗ್ಗದ ಬೆಲೆಗೆ ಒಂದಿಷ್ಟು ಕೊಂಡಿತು. 1971ರ ಫೆಬ್ರವರಿಯಲ್ಲಿ ಅಧ್ಯಕ್ಷ ಬೂಮೆದಿಯೆನ್ ಫ್ರೆಂಚ್ ತೈಲ ಕಂಪನಿಗಳ ಶೇ 51 ಪಾಲನ್ನು ರಾಷ್ಟ್ರೀಕರಣ ಮಾಡಿದರು. ಫ್ರಾನ್ಸ್ ಜೊತೆಗಿನ ಮುನಿಸು ಪೂರ್ಣವಾಯಿತು. ಅಲ್ಜೀರಿಯಾ ಬಳ್ಳಿ ಕಿತ್ತು ಧಾನ್ಯ ಬಿತ್ತತೊಡಗಿತು. ಆ ಕೀಳುವ ಕೆಲಸದಲ್ಲಿ ಹಟವೂ ಇತ್ತು, ನಷ್ಟವೂ ಇತ್ತು. ತೋಟದ ಕೂಲಿಯನ್ನೇ ನಂಬಿದ್ದ ಕುಟುಂಬಗಳಿಗೆ ಬಿದ್ದದ್ದು ನಷ್ಟದ ಪಾಲು.

1976ರ ಏಪ್ರಿಲ್ 26ರಂದು ಅಲ್ಜಿಯರ್ಸ್‌ನಲ್ಲಿ ಸಹಕಾರ ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ಸಮುದಾಯ, ಇನ್ನೊಂದು ಕಡೆ ಅಲ್ಜೀರಿಯಾ, ಎರಡು ಪ್ರತ್ಯೇಕ ಪಕ್ಷಗಳಾಗಿ. ಆದರೂ ರೋಮ್ ಒಪ್ಪಂದದ ಪಹಣಿಯಲ್ಲಿ ಹೆಸರು ಹಾಗೇ ಇತ್ತು. 1987ರಲ್ಲಿ ನೆರೆಯ ಮೊರಾಕೊ ಸದಸ್ಯತ್ವಕ್ಕೆ ಅರ್ಜಿ ಹಾಕಿದಾಗ, ಅದು ಐರೋಪ್ಯ ದೇಶವಲ್ಲ ಎಂಬ ಕಾರಣಕ್ಕೆ ಬಾಗಿಲು ತೆರೆಯಲಿಲ್ಲ. ಆ ಉತ್ತರ ಕೊಟ್ಟ ದಿನವೂ ಸಮುದಾಯದ ಮೂಲ ಒಪ್ಪಂದದ 227ನೆಯ ವಿಧಿಯಲ್ಲಿ ಮೊರಾಕೊದ ಪಕ್ಕದ ಅಲ್ಜೀರಿಯಾದ ಹೆಸರಿತ್ತು! ಅದನ್ನು ಅಳಿಸಿದ್ದು ಮಾಸ್ಟ್ರಿಕ್ಟ್ ಒಪ್ಪಂದ, ಜಾರಿಯಾದದ್ದು 1993ರ ನವೆಂಬರ್ 1ರಂದು. ಸ್ವಾತಂತ್ರ್ಯ ಬಂದು ಮೂವತ್ತೊಂದು ವರ್ಷಗಳಾಗಿದ್ದವು.

ಅದೇ ಉಪವಿಧಿಯಲ್ಲಿ ಜೊತೆಗಿದ್ದ ರೆಯೂನಿಯನ್, ಮಾರ್ಟಿನಿಕ್ ಮೊದಲಾದವು ಇಂದಿಗೂ ಒಕ್ಕೂಟದೊಳಗಿವೆ. ಯೂರೊ ನೋಟನ್ನು ತಿರುಗಿಸಿದರೆ ನಕ್ಷೆಯ ಕೆಳಗೆ ಪುಟ್ಟ ಪುಟ್ಟ ಚೌಕಗಳಲ್ಲಿ ಕಾಣುತ್ತವೆ. 2002ರ ಜನವರಿ 1ರಂದು ಯೂರೊ ನೋಟು ಚಲಾವಣೆಗೆ ಬಂದಾಗ, ಗಡಿಯಾರದಲ್ಲಿ ಮುಂದಿದ್ದ ರೆಯೂನಿಯನ್‌ನಲ್ಲಿ ಒಂದು ಕೆ.ಜಿ. ಲಿಚಿ ಹಣ್ಣು ಕೊಂಡದ್ದೇ ಮೊದಲ ಅಧಿಕೃತ ಖರೀದಿ. ಹಿಂದೂ ಮಹಾಸಾಗರದ ನಡುವೆ!

ತಾರೀಖುಗಳ ಲೆಕ್ಕ

ಈಗ ಆಗ ಇಟ್ಟಿದ್ದ ಪುದುಚೇರಿಯನ್ನು ತೆಗೆಯೋಣ. 1954ರಲ್ಲಿ ಆಡಳಿತ ಕೈಬದಲಾಯಿತು, 1956ರ ಮೇ ತಿಂಗಳಲ್ಲಿ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯೂ ಆಯಿತು. ಆದರೆ ಸ್ಥಿರೀಕರಣ ಪತ್ರಗಳ ವಿನಿಮಯ ಆದದ್ದು 1962ರ ಆಗಸ್ಟ್ 16ರಂದು, ಅಲ್ಜೀರಿಯಾ ಸ್ವತಂತ್ರವಾಗಿ ಆರು ವಾರಗಳ ಮೇಲೆ. ಅಂದರೆ ರೋಮ್‌ನಲ್ಲಿ ಸಹಿ ಬಿದ್ದ ದಿನ, ಕಟ್ಟುನಿಟ್ಟಾದ ಕಾನೂನಿನಲ್ಲಿ, ನಮ್ಮ ಮಾಹೆ ಇನ್ನೂ ಫ್ರಾನ್ಸ್‌ನದೇ. ಮಂಗಳೂರಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೋಗುವಾಗ ಕಣ್ಣೂರು ದಾಟಿ ಬರುವ ಆ ಪುಟ್ಟ ಊರು. ಸಮುದಾಯದ ಯಾವ ಪಟ್ಟಿಗೂ ಅದನ್ನು ಸೇರಿಸುವ ಗೊಡವೆಗೆ ಫ್ರಾನ್ಸ್ ಹೋಗಲಿಲ್ಲ. ಅಲ್ಲಿ ಅದಕ್ಕೆ ಬಿಡಲಾರದ ವೈನೂ ಇರಲಿಲ್ಲ, ತೈಲವೂ ಇರಲಿಲ್ಲ, ಹತ್ತು ಲಕ್ಷ ವಲಸಿಗರೂ ಇರಲಿಲ್ಲ.

ಕಾರವಾರದ ಆಚೆಗಿನ ಗೋವಾದ್ದು ಇನ್ನೊಂದು ಬಗೆ. ಗೋವಾವನ್ನು ಕಳೆದುಕೊಂಡು ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1986ರಲ್ಲಿ, ಪೋರ್ಚುಗಲ್ ಐರೋಪ್ಯ ಸಮುದಾಯ ಸೇರಿತು. 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ಚುಗೀಸ್ ಪೌರತ್ವ ಕೇಳುವ ದಾರಿ ತೆರೆದೇ ಇರುವುದರಿಂದ, ಅಜ್ಜನ ಜನನ ದಾಖಲೆಯೊಂದು ಮೊಮ್ಮಗನನ್ನು ಲಂಡನ್ನಿಗೋ ಲಿಸ್ಬನ್ನಿಗೋ ಮುಟ್ಟಿಸಿದ್ದನ್ನು ಗೋವಾದಲ್ಲಿ ನೆಂಟಸ್ತನವಿರುವ ಉತ್ತರ ಕನ್ನಡದವರು ಬಲ್ಲರು. ಅಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ತಾರೀಖು.

ಅಲ್ಜೀರಿಯಾದವರಿಗೆ ಯಾವ ತಾರೀಖು? ಈ ಪ್ರಶ್ನೆ 1978ರಲ್ಲಿ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದ ಮುಂದೆ ಬಂತು. ತಂದವನು ಗಣಿ ಕಾರ್ಮಿಕ. ಹುಟ್ಟಿದ್ದು ಅಲ್ಜೀರಿಯಾದಲ್ಲಿ, ಫ್ರೆಂಚ್ ಪ್ರಜೆಯಾಗಿ. ಮೊದಲು ಫ್ರಾನ್ಸ್‌ನ ಕಲ್ಲಿದ್ದಲು ಗಣಿಗಳಲ್ಲಿ, ಆಮೇಲೆ ಜರ್ಮನಿಯ ಗಣಿಗಳಲ್ಲಿ ನೆಲದಡಿ ದುಡಿದವನು. 1962ರ ಜುಲೈನಲ್ಲಿ, ಆತ ಎಲ್ಲಿದ್ದನೋ ಅಲ್ಲೇ ಇರುವಾಗ, ಫ್ರೆಂಚ್ ಪೌರತ್ವ ಹೋಗಿ ಅಲ್ಜೀರಿಯಾದವನಾದ. ವಯಸ್ಸಾಗುತ್ತ ಬಂದಾಗ ಜರ್ಮನಿಯ ಗಣಿ ಕಾರ್ಮಿಕರ ವಿಮಾ ಸಂಸ್ಥೆಗೆ ಪಿಂಚಣಿ ಅರ್ಜಿ ಹಾಕಿದ. ಎರಡೂ ದೇಶಗಳ ತಿಂಗಳುಗಳನ್ನು ಕೂಡಿಸಿದರೆ ಮಾತ್ರ ಬೇಕಾದಷ್ಟು ಆಗುತ್ತಿತ್ತು. ಸಂಸ್ಥೆ ಒಪ್ಪಲಿಲ್ಲ: ಕೂಡಿಸುವ ನಿಯಮ ಸದಸ್ಯ ದೇಶಗಳ ಪ್ರಜೆಗಳಿಗೆ, ನೀನು ಅಲ್ಜೀರಿಯಾದವನು, ಫ್ರಾನ್ಸ್‌ನ ತಿಂಗಳುಗಳು ಲೆಕ್ಕಕ್ಕಿಲ್ಲ. ಪ್ರಶ್ನೆಯನ್ನು ಜರ್ಮನಿಯ ನ್ಯಾಯಾಲಯ ಲಕ್ಸೆಂಬರ್ಗ್‌ಗೆ ಕಳಿಸಿತು.

ಅಕ್ಟೋಬರ್ 12ರಂದು ತೀರ್ಪು ಬಂತು. ಅರ್ಜಿ ಹಾಕಿದ ದಿನ ಆತ ಯಾವ ದೇಶದವನು ಎಂಬುದಲ್ಲ, ಗಣಿಯಲ್ಲಿ ದುಡಿದ ಕಾಲದಲ್ಲಿ ಯಾವ ದೇಶದವನಾಗಿದ್ದ ಎಂಬುದನ್ನು ನೋಡಬೇಕು ಎಂದು ನ್ಯಾಯಾಲಯ ಹೇಳಿತು. ಫ್ರೆಂಚ್ ಪ್ರಜೆಯಾಗಿ ಫ್ರಾನ್ಸ್‌ನ ಗಣಿಯೊಳಗೆ ಕಳೆದ ತಿಂಗಳುಗಳನ್ನು ಕೂಡಿಸಲೇಬೇಕಾಯಿತು.